ಮೇಸ್ತ್ರಿ ಮುಚ್ಚಿದ ವಾಲ್ವ್

ಹೋದ ವಾರ ನಮ್ಮ ಮನೆಯ ಗೀಸರ್ ಒಳಗೊಳಗೇ ಕೊತಕೊತ ಸದ್ದು ಮಾಡಲು ಶುರುಮಾಡಿತು. ಪ್ಲಂಬರ್ ಬಂದು ಅಡಿಯ ಬೋಲ್ಟುಗಳನ್ನು ಬಿಚ್ಚಿ ಎಲಿಮೆಂಟ್ ಹೊರಗೆಳೆದದ್ದೇ ತಡ, ಬಚ್ಚಲು ತುಂಬ ಆ ವಾಸನೆ. ಒದ್ದೆ ಸುಣ್ಣ, ತುಕ್ಕು, ಬೆಂದ ರಬ್ಬರು... ಮೂರೂ ಸೇರಿದ್ದು. ಪ್ಲಂಬರ್ ಮೂಗು ಸಿಂಡರಿಸಿದ. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಗೀಸರ್ ಬಿಚ್ಚುವವನಿಗೆ ಡಿಗ್ರಿಯಾ? ಈ ಜನ್ಮದಲ್ಲಿ ಆಗ್ಲಿಕ್ಕಿಲ್ಲ ಮಾರಾಯ!" ಎಂದು ನನಗೆ ಹೇಳಿದವರು ಮೇಸ್ತ್ರಿ. ಮಸ್ಕತ್ತಿನಲ್ಲಿ ನನಗೆ ಕೆಲಸ ಕಲಿಸಿದವರೂ ಅವರೇ. ಎರಡನ್ನೂ ಹೇಳಬೇಕು. ಒಂದನ್ನೇ ಹೇಳಿದರೆ ಸುಳ್ಳಾಗುತ್ತದೆ.

ನಾನು ಅಲ್ಲಿಗೆ ಹೋದದ್ದು ಎಂಬತ್ತಾರರಲ್ಲಿ. ಪಿಯುಸಿ ಮುಗಿದಿತ್ತು, ಮುಂದೆ ಓದಿಸುವವರು ಇರಲಿಲ್ಲ. ಅಮ್ಮ ಬೀಡಿ ಕಟ್ಟುತ್ತಿದ್ದರು. ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ನಾನು ಸೇರಿದ್ದು ಮನೆಮನೆಗಳ ಎ.ಸಿ., ಗೀಸರ್, ಪಂಪುಗಳನ್ನು ನೋಡಿಕೊಳ್ಳುವ ಕಂಪನಿಗೆ. ಮೇಸ್ತ್ರಿ ನಮ್ಮ ಊರಿನಿಂದ ಎರಡು ನಿಲ್ದಾಣ ಆಚೆಯವರು. ನನ್ನನ್ನು ಅವರ ವ್ಯಾನಿಗೆ ಹಾಕಿದರು. ಏಳು ವರ್ಷದಿಂದ ಅಲ್ಲಿದ್ದ ಅವರು ಹೆಂಡತಿ, ಇಬ್ಬರು ಹೆಣ್ಣುಮಕ್ಕಳೊಂದಿಗೆ ಮತ್ರಾದ ಒಂದು ಓಣಿಯಲ್ಲಿ ಮನೆ ಮಾಡಿದ್ದರು. ಶುಕ್ರವಾರ ನನಗೆ ಊಟ ಅಲ್ಲೇ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ.

ಮೇಸ್ತ್ರಿ ಮೀಟರ್ ತೆಗೆಯುವ ಮೊದಲು ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ, ತುದಿಯನ್ನು ಗೀಸರಿನ ಹೊಟ್ಟೆಗೆ ಇಟ್ಟು ಕಣ್ಣುಮುಚ್ಚಿ ಕೇಳುತ್ತಿದ್ದರು. "ಒಳಗೆ ಸುಣ್ಣ ಕಟ್ಟಿದೆ, ಎಲಿಮೆಂಟ್ ಅದರಡಿಯಲ್ಲಿ ಬೇಯ್ತಾ ಉಂಟು" ಎನ್ನುತ್ತಿದ್ದರು. ಬಿಚ್ಚಿದರೆ ಹಾಗೇ ಇರುತ್ತಿತ್ತು. ಅಲ್ಲಿಯ ನೀರಿಗೆ ಎಲಿಮೆಂಟಿನ ಮೇಲೆ ಬೆರಳು ದಪ್ಪ ಸುಣ್ಣ ಕೂರುತ್ತಿತ್ತು. ಅದನ್ನು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಉದುರಿಸುವುದು, ಹಳೆಯ ವಾಷರ್ ಮತ್ತೆ ಹಾಕದಿರುವುದು, ಟ್ಯಾಂಕಿಗೆ ನೀರು ತುಂಬದೆ ಸ್ವಿಚ್ ಮುಟ್ಟದಿರುವುದು, ಎಲ್ಲ ಅವರು ಕಲಿಸಿದ್ದೇ. ಮುಖ್ಯವಾಗಿ ಸೇಫ್ಟಿ ವಾಲ್ವ್. ಒಳಗೆ ಒತ್ತಡ ಹೆಚ್ಚಾದರೆ ನೀರನ್ನು ಹೊರಗೆ ಬಿಡುವ ಸಣ್ಣ ಹಿತ್ತಾಳೆಯ ಬಾಯಿ ಅದು. "ಹನಿ ಬೀಳ್ತದೆ ಅಂತ ಜನ ಬೊಬ್ಬೆ ಹಾಕ್ತಾರೆ. ಹಾಕಲಿ. ಅದರ ಬಾಯಿ ಮಾತ್ರ ಕಟ್ಟಬೇಡ."

ಮೊದಲ ಬೇಸಿಗೆಯಲ್ಲೇ ನಾನೊಂದು ಎಡವಟ್ಟು ಮಾಡಿದೆ. ಒಬ್ಬ ಟೀಚರ್ ಮನೆಯಿಂದ ದೂರು ಬಂತು. ತಣ್ಣೀರಿನ ನಲ್ಲಿಯಲ್ಲಿ ಕೈ ಸುಡುವ ನೀರು, ಬಿಸಿನೀರಿನದರಲ್ಲಿ ತಣ್ಣೀರು. ನಾನೊಬ್ಬನೇ ಹೋದೆ. ಯಾರೋ ಪೈಪುಗಳನ್ನು ಅದಲುಬದಲು ಕೊಟ್ಟಿದ್ದಾರೆಂದು ತಿಳಿದು, ಗೀಸರಿನ ಎರಡೂ ಪೈಪು ಬಿಚ್ಚಿ ಆಚೀಚೆ ಮಾಡಿ, ಹೆಮ್ಮೆಯಿಂದ ಬಂದೆ. ಗೀಸರಿನ ವಾಲ್ವ್ ನೀರನ್ನು ಒಂದೇ ದಿಕ್ಕಿಗೆ ಬಿಡುವಂಥದ್ದು; ಸಂಜೆ ನೋಡಿದರೆ ಆ ಮನೆಯ ಬಿಸಿನೀರಿನ ನಲ್ಲಿಯಲ್ಲಿ ಒಂದು ಹನಿಯೂ ಇಲ್ಲ. ಮೇಸ್ತ್ರಿ ಬಂದು ನೋಡಿ, ಬಕೆಟ್ಟು ಮಗುಚಿ ಹಾಕಿ ಅದರ ಮೇಲೆ ಕೂತು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಮಾರಾಯ, ಜೂನ್ ತಿಂಗಳಲ್ಲಿ ಟೆರೇಸಿನ ಟ್ಯಾಂಕಿ ಕುದೀತದೆ. ಅದಕ್ಕೆ ಇಲ್ಲಿಯವರು ಗೀಸರ್ ಆಫ್ ಮಾಡಿ ಇಡುವುದು. ಮನೆಯೊಳಗೆ ಎ.ಸಿ. ತಂಪಿನಲ್ಲಿ ಗೀಸರಿನ ನೀರು ತಣ್ಣಗಿರ್ತದೆ. ಮೀಯ್ಲಿಕ್ಕೆ ಬಿಸಿ ನಲ್ಲಿ ತಿರುಗಿಸಬೇಕು. ಟೀಚರೂ ಹೊಸಬರು, ನೀನೂ ಹೊಸಬ. ಯಲ್ಲಾ, ಸ್ಪ್ಯಾನರ್ ಕೊಡು."

ಪೈಪುಗಳನ್ನು ಮೊದಲಿನಂತೆ ಮಾಡಿ, ವ್ಯಾನು ಹತ್ತುವಾಗ ಭುಜದ ಮೇಲೆ ಕೈಯಿಟ್ಟರು. "ಇದು ನಮ್ಮಿಬ್ಬರಲ್ಲೇ ಇರಲಿ. ಆಫೀಸಿಗೆ ಗೊತ್ತಾದರೆ ನಿನ್ನನ್ನು ವಿಮಾನ ಹತ್ತಿಸ್ತಾರೆ."

ಅವತ್ತಿನಿಂದ ಆ ಮನುಷ್ಯನಿಗಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ. ಮಾಡಿದೆ ಕೂಡ. ಅವರಿಗೆ ಇಂಗ್ಲಿಷ್ ಬರೆಯಲು ಬರುತ್ತಿರಲಿಲ್ಲ. ಪ್ರತಿ ಕೆಲಸ ಮುಗಿದ ಮೇಲೆ ತುಂಬಬೇಕಾದ ಜಾಬ್ ಕಾರ್ಡ್ ಅವರಿಗೆ ದೊಡ್ಡ ತಲೆನೋವು. ನಾನೇ ಬರೆಯತೊಡಗಿದೆ. ಬರೆದವನ ಸಹಿಯೂ ನನ್ನದೇ. ಆಫೀಸಿನಲ್ಲಿ ನನ್ನ ಅಕ್ಷರ ಚೆಂದವೆಂದು ಹೊಗಳಿದಾಗ ಉಬ್ಬಿಹೋಗುತ್ತಿದ್ದೆ.

ಎಂಬತ್ತೊಂಬತ್ತರಲ್ಲಿ ಮೈಸೂರು ವಿಶ್ವವಿದ್ಯಾಲಯದ ಅಂಚೆ ತೆರಪಿನ ಬಿ.ಎ.ಗೆ ಹೆಸರು ಬರೆಸಿದೆ. ಆಗಲೇ ಮೇಸ್ತ್ರಿ "ಈ ಜನ್ಮದಲ್ಲಿ ಆಗ್ಲಿಕ್ಕಿಲ್ಲ" ಎಂದದ್ದು. ನಗುತ್ತಲೇ ಎಂದದ್ದು. ಮರುವಾರದಿಂದ ಅವರೇ ವ್ಯಾನು ಓಡಿಸುತ್ತ "ಎಲ್ಲಿ, ಓದು ನೋಡುವ" ಎನ್ನತೊಡಗಿದರು. ನಾನು ಪಕ್ಕದಲ್ಲಿ ಕೂತು ಚರಿತ್ರೆಯ ಪಾಠ ಗಟ್ಟಿಯಾಗಿ ಓದುತ್ತಿದ್ದೆ.

"ಈ ಅರಸರೆಲ್ಲ ಮೀಯ್ಲಿಕ್ಕೆ ಬಿಸಿನೀರಿಗೆ ಎಂತ ಮಾಡ್ತಿದ್ದರು? ಅದು ಬರೆದಿಲ್ವಾ?"

"ಇಲ್ಲ ಮೇಸ್ತ್ರಿ."

"ಮತ್ತೆ ಎಂತ ಚರಿತ್ರೆ ಅದು!"

ಪರೀಕ್ಷೆ ಬರೆಯಲು ಊರಿಗೇ ಹೋಗಬೇಕಿತ್ತು. ಪಾಸ್‌ಪೋರ್ಟು ಕಂಪನಿಯ ಕೈಯಲ್ಲಿ. ಮೊದಲ ಎರಡು ವರ್ಷ ಮ್ಯಾನೇಜರನ ಹತ್ತಿರ ಮಾತಾಡಿ ರಜೆ ಕೊಡಿಸಿದವರು ಮೇಸ್ತ್ರಿಯೇ. ಕೊನೆಯ ವರ್ಷಕ್ಕೂ ರಜೆ ಸಿಕ್ಕಿತ್ತು. ಟಿಕೆಟ್ ಆಗಿತ್ತು. ಅಮ್ಮನಿಗೆ ಕಾಗದ ಬರೆದಿದ್ದೆ.

ಹೊರಡಲು ಮೂರು ವಾರ ಇರುವಾಗ ಒಂದು ವಿಲ್ಲಾಕ್ಕೆ ಹೋದೆವು. ಆ ಮನೆಯವರು ಕಂಪನಿಯ ಕಫೀಲನಿಗೆ, ಅಂದರೆ ನಮ್ಮೆಲ್ಲರ ವೀಸಾ ಕೈಯಲ್ಲಿದ್ದ ಅಲ್ಲಿಯ ಧಣಿಗೆ, ಬೇಕಾದವರು. ಸೇಫ್ಟಿ ವಾಲ್ವಿನಿಂದ ಹನಿ ಬಿದ್ದು ಹೊಸ ಅಮೃತಶಿಲೆ ಕಲೆಯಾಗುತ್ತದೆಂದು ಅವರ ಸಿಟ್ಟು. ಬದಲಿಸಲು ವ್ಯಾನಿನಲ್ಲಿ ಬೇರೆ ವಾಲ್ವ್ ಇರಲಿಲ್ಲ. ಮೇಸ್ತ್ರಿ ಚೀಲದಿಂದ ಒಂದು ಹಿತ್ತಾಳೆಯ ಬಿರಡೆ ತೆಗೆದು ಅದರ ಬಾಯಿಗೆ ತಿರುಪಿದರು.

"ಮೇಸ್ತ್ರಿ, ಬಾಯಿ ಕಟ್ಟಬಾರದು ಅಂತ ನೀವೇ ಹೇಳಿದ್ದಲ್ವಾ?"

"ಎರಡು ದಿನ ಅಷ್ಟೆ. ನಾಡಿದ್ದು ಹೊಸತು ಹಾಕುವ. ಕಾರ್ಡಿನಲ್ಲಿ ಅದನ್ನೆಲ್ಲ ಬರೀಬೇಡ."

ನಾನು ಬರೆಯಲಿಲ್ಲ. 'ಸರ್ವಿಸ್ ಆಗಿದೆ, ಸರಿಯಿದೆ' ಎಂದು ಚೆಂದದ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ನಾಡಿದ್ದು ಬಂತು, ಹೋಯಿತು. ಅವರು ಮರೆತರು. ನಾನು ಓದಿನಲ್ಲಿ ಮುಳುಗಿದ್ದೆ, ನೆನಪಿಸಲಿಲ್ಲ. ಹತ್ತನೆಯ ದಿನ ಥರ್ಮೋಸ್ಟಾಟ್ ಕೈಕೊಟ್ಟು ನೀರು ಕುದಿದು ಕುದಿದು ಗೀಸರ್ ಸಿಡಿಯಿತು. ಬಚ್ಚಲಲ್ಲಿ ಯಾರೂ ಇರಲಿಲ್ಲ, ಪುಣ್ಯ. ಮೇಲಿನ ಸೀಲಿಂಗ್ ಕಳಚಿ ಬಿದ್ದಿತ್ತು, ಗೋಡೆ ಬಿರಿದಿತ್ತು.

ಮ್ಯಾನೇಜರ್ ಇಬ್ಬರನ್ನೂ ಕರೆಸಿದ. ಮೇಜಿನ ಮೇಲೆ ಆ ಬಿರಡೆ ಇತ್ತು.

"ಇದನ್ನು ಹಾಕಿದ್ದು ಯಾರು?"

ನಾನು ಮೇಸ್ತ್ರಿಯ ಮುಖ ನೋಡಿದೆ. ಅವರು ಹೇಳುತ್ತಾರೆ ಎಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡಿದ್ದೆ. ತಪ್ಪಾಯಿತು ಎನ್ನುತ್ತಾರೆ, ಬೈಸಿಕೊಳ್ಳುತ್ತಾರೆ, ಹೊರಗೆ ಬಂದು ಇಬ್ಬರೂ ಸುಲೈಮಾನಿ ಚಹಾ ಕುಡಿಯುತ್ತೇವೆ...

"ಇವನು ಸಾಬ್" ಎಂದರು. ನನ್ನ ಹೆಸರೂ ಹೇಳಲಿಲ್ಲ. "ನಾನು ಕೆಳಗೆ ವ್ಯಾನಿನಲ್ಲಿದ್ದೆ."

"ಸರ್, ನಾನಲ್ಲ" ಎಂದೆ. ಮ್ಯಾನೇಜರ್ ಜಾಬ್ ಕಾರ್ಡನ್ನು ನನ್ನ ಕಡೆ ತಿರುಗಿಸಿದ. "ಇದು ಯಾರ ಕೈಬರಹ?"

"ನನ್ನದು" ಎಂದೆ. ಮೇಸ್ತ್ರಿ ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಹೆದರಿಕೆಗೆ ಒಂದು ಸುಳ್ಳು ಹೇಳಿದರು ಎಂದು ನಾನು ಹೇಗೋ ನುಂಗುತ್ತಿದ್ದೆ. ಅವರು ನಿಲ್ಲಿಸಲಿಲ್ಲ. "ಇವನಿಗೆ ಮೊದಲಿನಿಂದಲೂ ಗಮನ ಕಡಿಮೆ ಸಾಬ್. ಬಂದ ವರ್ಷವೇ ಒಬ್ಬ ಟೀಚರ್ ಮನೆಯಲ್ಲಿ ಪೈಪು ಅದಲುಬದಲು ಮಾಡಿದ್ದ. ನಾನೇ ಹೋಗಿ ಸರಿಮಾಡಿದ್ದು."

ಆರು ವರ್ಷ ಯಾರಿಗೂ ಹೇಳದೆ ಕಾಪಾಡಿದ ಮಾತನ್ನು ಅವತ್ತು ತೆಗೆದು ಮೇಜಿನ ಮೇಲೆ ಇಟ್ಟರು.

"ರಜೆ ಕ್ಯಾನ್ಸಲ್. ಖಲಾಸ್" ಎಂದ ಮ್ಯಾನೇಜರ್.

ವ್ಯಾನಿನಲ್ಲಿ ಅವರೇ ಹೇಳಿದರು. "ನಿನಗೆ ಹೋದದ್ದು ಒಂದು ಪರೀಕ್ಷೆ. ಅದು ಬರುವ ವರ್ಷವೂ ಉಂಟು. ನನ್ನ ಕೆಲಸ ಹೋದರೆ ಹೆಂಡತಿ ಮಕ್ಕಳ ವೀಸಾ ಹೋಗ್ತದೆ, ಶಾಲೆ ಹೋಗ್ತದೆ. ನೀನು ಓದಿದವನು, ನಿನಗೆ ಅರ್ಥ ಆಗ್ತದೆ."

ಅರ್ಥ ಆಯಿತು. ಅದೇ ಕಷ್ಟ. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ನನ್ನನ್ನು ಕೇಳಿದ್ದರೆ ಬಹುಶಃ ನಾನೇ ಒಪ್ಪಿಕೊಳ್ಳುತ್ತಿದ್ದೆ. ಕೇಳಲಿಲ್ಲ.

ಶುಕ್ರವಾರ ಅಕ್ಕ ಟಿಫಿನ್ ಕ್ಯಾರಿಯರಿನಲ್ಲಿ ಕೋರಿ ರೊಟ್ಟಿ ಕಳಿಸಿದರು. ಅವರಿಗೆ ವಿಷಯ ಗೊತ್ತಿತ್ತೋ ಇಲ್ಲವೋ. ತೆರೆಯದೆ ಹಾಗೇ ವಾಪಸು ಕೊಟ್ಟೆ. ಆ ತಿಂಗಳೇ ಕೇಳಿಕೊಂಡು ದೂರದ ಒಳನಾಡಿನ ಇಬ್ರಿಯ ಬ್ರಾಂಚಿಗೆ ಹೋದೆ. ಅಲ್ಲಿ ಊರಿನವರು ಕಡಿಮೆ, ಧೂಳು ಜಾಸ್ತಿ. ವ್ಯಾನಿನಲ್ಲಿ ಗಟ್ಟಿಯಾಗಿ ಓದಿದರೆ ಕೇಳುವವರಿಲ್ಲ. ಮನಸ್ಸಿನಲ್ಲೇ ಓದಿದೆ. ಮರುವರ್ಷ ರಜೆ ಸಿಕ್ಕಿತು, ಪರೀಕ್ಷೆ ಬರೆದೆ, ಪಾಸಾದೆ.

ಮೇಸ್ತ್ರಿ ತೊಂಬತ್ತರ ದಶಕದ ಕೊನೆಗೆ ಊರಿಗೆ ಮರಳಿದರಂತೆ. ಎರಡೇ ನಿಲ್ದಾಣ ಆಚೆ. ನಾನೂ ಬಂದು ನೆಲೆಸಿದ ಮೇಲೆ ಆ ದಾರಿಯಲ್ಲಿ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಇಳಿಯಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದ ದಿನವೂ ಹೋಗಲಿಲ್ಲ. ಇವತ್ತಿಗೂ ನನ್ನಿಂದ ಕ್ಷಮಿಸಲು ಆಗಿಲ್ಲ, ಇದ್ದದ್ದು ಹೇಳುತ್ತೇನೆ. ಆದರೆ ಹೋದ ವಾರ ಪ್ಲಂಬರನಿಗೆ ಎಲಿಮೆಂಟ್ ತಟ್ಟುವುದು ಹೇಗೆಂದು ತೋರಿಸುವಾಗ ನನ್ನ ಬಾಯಿಂದ ಬಂದದ್ದು ಅವರದೇ ಮಾತು, ಅವರದೇ ದನಿ. ನಾನು ಬೈಯಬೇಕಾಗಿದ್ದ ಮೇಸ್ತ್ರಿ ಈಗ ಇಲ್ಲ. ನಾನು ಯಾರಿಗೆ ನಿಜ ಹೇಳಬೇಕಾಗಿತ್ತೋ ಆ ಅಮ್ಮನೂ ಇಲ್ಲ.

ಅಮ್ಮನಿಗೆ ನಾನು ಏನೂ ಹೇಳಿರಲಿಲ್ಲ. ಕಂಪನಿಯಲ್ಲಿ ಕೆಲಸ ಜಾಸ್ತಿ, ರಜೆ ಮುಂದೆ ಹೋಯಿತು ಎಂದಷ್ಟೇ ಬರೆದಿದ್ದೆ. ಹಳೆಯ ಕಾಗದಗಳಲ್ಲೆಲ್ಲ ಮೇಸ್ತ್ರಿಯ ಹೊಗಳಿಕೆಯೇ. ಮೈಸೂರಿಗೆ ಹೋಗಿ ಸರ್ಟಿಫಿಕೇಟ್ ತಂದ ದಿನ ಅಮ್ಮ ಮೊರ ಪಕ್ಕಕ್ಕಿಟ್ಟು, ಕೈಗಂಟಿದ ಹೊಗೆಸೊಪ್ಪಿನ ಪುಡಿಯನ್ನು ಸೆರಗಿಗೆ ಮೂರು ಸಲ ಉಜ್ಜಿದರು. ಅಂಚು ಹಿಡಿದು ತೆಗೆದುಕೊಂಡರು. ಓದು ಬಾರದವರು, ನನ್ನ ಕಾಗದಗಳನ್ನೂ ನೆರೆಯವರಿಂದ ಓದಿಸಿಕೊಳ್ಳುತ್ತಿದ್ದವರು. ನನ್ನ ಹೆಸರು ಎಲ್ಲಿದೆಯೆಂದು ಕೇಳಿ ಅದರ ಮೇಲೆ ಬೆರಳಾಡಿಸಿದರು. ಆಮೇಲೆ ಜೋಪಾನವಾಗಿ ನನ್ನ ಕೈಗೇ ಕೊಟ್ಟರು.

"ಇದನ್ನು ಮೊದಲು ಮೇಸ್ತ್ರಿಗೆ ತೋರಿಸು ಮಗ. ಪರದೇಶದಲ್ಲಿ ನಿನ್ನ ಕೈಬಿಡದೆ ನೋಡಿಕೊಂಡವರು ಅವರೊಬ್ಬರೇ."