ದೀಪ ಹಚ್ಚುವ ಹೊತ್ತಿಗೆ ಬರುವ ಅವ್ವ

ಕಾರಹುಣ್ಣಿಮೆ ಮುಗಿದ ಮೂರನೆಯದೋ ನಾಲ್ಕನೆಯದೋ ಸಂಜೆ. ನನ್ನ ಸೊಸೆ ಕಲ್ಲವ್ವ ಎಲೆಯ ತೋಟದ ಕೆಲಸ ಮುಗಿಸಿ ಬಂದು, ಕಾಲು ತೊಳೆದು, ಸೆರಗಿಗೆ ಕೈ ಒರೆಸಿಕೊಂಡು, ನನ್ನ ತೊಡೆಯ ಮೇಲಿದ್ದ ಮಗಳು ನಿಂಗವ್ವನ ಕಡೆ ಎರಡೂ ಕೈ ಚಾಚಿದಳು. ದಿನಾ ಹಾಗೇ ಚಾಚುತ್ತಿದ್ದಳು. ದಿನಾ ನಿಂಗವ್ವ ಅವಳ ಕೈಗೆ ಹಾರುತ್ತಿದ್ದಳು.

ಆವತ್ತು ಹಾರಲಿಲ್ಲ.

ಅವ್ವನ ಮುಖ ಬಿಟ್ಟು ಆಚೆ ಗೋಡೆಯ ಕಡೆ ನೋಡಿದಳು. "ಬಾ ಯವ್ವಾ" ಅಂದಾಗ ದನಿ ಬಂದತ್ತ ತಿರುಗಿದಳೇ ಹೊರತು ಕೈ ಎತ್ತಲಿಲ್ಲ. ನನ್ನ ಅಂಗಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಎತ್ತಿಕೊಳ್ಳಲು ಹೋದರೆ ಅತ್ತಳು.

ರೋಗ ಕಾಣಿಸಿಕೊಂಡದ್ದು ಹೀಗೆ. ಅದು ರೋಗವೆಂದು ಯಾರಿಗೂ ಹೊಳೆಯಲಿಲ್ಲ. ಕೂಸಿಗೆ ಅವ್ವನ ಮೇಲೆ ಸಿಟ್ಟು ಬಂದಿದೆ ಅಂದುಕೊಂಡೆವು.

ನಾನು ಕನ್ನಡ ಮೂರನೆಯ ಇಯತ್ತೆ ಕಲಿತವನು. ಇಷ್ಟುದ್ದ ಯಾವತ್ತೂ ಬರೆದಿಲ್ಲ. ಆದರೆ ಈ ಎರಡು ತಿಂಗಳಲ್ಲಿ ಸವಣೂರಿನ ನಮ್ಮ ಸಣ್ಣ ಮನೆಯಲ್ಲಿ ಆದದ್ದನ್ನು ಯಾರಿಗಾದರೂ ಹೇಳದಿದ್ದರೆ ನನ್ನ ಎದೆಯಲ್ಲಿ ಅದು ಹಿಡಿಸುವುದಿಲ್ಲ. ಮನೆಯಲ್ಲಿ ಕೂಸು ಇದ್ದವರು ಓದಲಿ ಅಂತಲೂ ಬರೆಯುತ್ತಿದ್ದೇನೆ.

ಮಗ ತೀರಿಕೊಂಡಾಗ ನಿಂಗವ್ವ ಇನ್ನೂ ತೊಟ್ಟಿಲಲ್ಲಿದ್ದಳು. ನನ್ನ ಹೆಂಡತಿ ಅದಕ್ಕೂ ಮೊದಲೇ ಹೋಗಿದ್ದಳು. ಕೂಸಿಗೆ ಇಟ್ಟದ್ದು ಅವಳ ಹೆಸರನ್ನೇ. ನನ್ನ ಎಡಗಾಲು ಹಿಂದೊಮ್ಮೆ ಚಕ್ಕಡಿಯ ಗಾಲಿಗೆ ಸಿಕ್ಕು ಊನವಾಗಿದೆ. ಹೊಲದ ಕೆಲಸ ನನ್ನಿಂದಾಗದು. ಹಾಗಾಗಿ ಕಲ್ಲವ್ವ ದುಡಿಯಲು ಹೋದಳು, ನಾನು ಕೂಸು ಆಡಿಸುತ್ತ ಮನೆಯಲ್ಲಿ ಉಳಿದೆ. ಓಣಿಯವರು ನಕ್ಕರು. ನಗಲಿ ಬಿಡು ಅಂದೆ.

ಅವಳ ದಿನ ಕೋಳಿ ಕೂಗುವ ಮೊದಲೇ ಶುರುವಾಗುತ್ತಿತ್ತು. ಕಸ, ನೀರು, ಮೂರು ಜನರ ರೊಟ್ಟಿ. ಮಲಗಿದ್ದ ಮಗಳ ಹಣೆಯ ಕೂದಲು ಸರಿಸಿ, ಎಬ್ಬಿಸದೆ, ಬಾಗಿಲು ಸದ್ದಾಗದ ಹಾಗೆ ಎಳೆದುಕೊಂಡು ಹೋಗುವಳು. ತೋಟದಲ್ಲಿ ವೀಳ್ಯದೆಲೆ ಕೊಯ್ದು, ಒಂದೊಂದನ್ನೇ ಒರೆಸಿ, ಹಣ್ಣಾದದ್ದು ಬೇರೆ, ಹರಿದದ್ದು ಬೇರೆ ಮಾಡಿ, ತೊಟ್ಟು ಕೂಡಿಸಿ ಕಟ್ಟು ಕಟ್ಟುವ ಕೆಲಸ. ಎಲೆ ಒಣಗುವ ಮೊದಲು ಬುಟ್ಟಿ ಸೇರಬೇಕು. ಕೈ ನಿಲ್ಲಿಸುವಂತಿಲ್ಲ. ಬರುವಾಗ ಬೆರಳ ತುದಿ ಕರಿಹಸಿರಾಗಿರುತ್ತಿತ್ತು. ಅವಳು ಮಗಳನ್ನು ಎಚ್ಚರದಲ್ಲಿ ನೋಡುತ್ತಿದ್ದದ್ದು ಸಂಜೆಯ ಆ ಒಂದಷ್ಟು ಹೊತ್ತು ಮಾತ್ರ.

ಅದೂ ಕತ್ತಲಲ್ಲಿ. ಲಡಾಯಿಯ ಕಾಲ, ಚಿಮಣಿ ಎಣ್ಣೆ ಅಳತೆಯ ಮೇಲೆ ಸಿಗುತ್ತದೆ. ಊಟಕ್ಕೆ ಕೂಡುವ ತನಕ ನಾವು ದೀಪ ಹಚ್ಚುತ್ತಿರಲಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವುದಿಲ್ಲ. ಅತ್ತೆ ಇದ್ದ ಮನೆಯಲ್ಲಿ ಅತ್ತೆಯ ಮುಖಾಂತರ ಮಾತು ನಡೆಯುತ್ತದೆ. ನಮ್ಮ ಮನೆಯಲ್ಲಿ ನಿಂಗವ್ವನ ಮುಖಾಂತರ ನಡೆಯುತ್ತಿತ್ತು.

"ನಿಂಗವ್ವಾ, ಅಜ್ಜಾರಿಗೆ ಉಣ್ಣಾಕ ಏಳ್ರಿ ಅನ್ನು" ಅಂತ ಅವಳು ಒಲೆಯ ಮುಂದಿನಿಂದ ಹೇಳುವಳು.

"ನಿಮ್ಮವ್ವಗ ಮೊದ್ಲ ನೀ ಉಣ್ಣು ಅಂತ ಹೇಳು" ಅಂತ ನಾನು ಕಟ್ಟೆಯಿಂದ ಹೇಳುವೆ.

ಎರಡು ವರ್ಷದ ಕೂಸು. ಅದಕ್ಕೆ ಬರುತ್ತಿದ್ದ ಮಾತು ನಾಲ್ಕೇ: ಅವ್ವ, ಅಜ್ಜ, ಉಂಡಿ, ಒಲ್ಲೆ. ಆದರೂ ನಮ್ಮ ಸಂಸಾರ ಅದರ ಮೇಲೇ ನಡೆದಿತ್ತು.

ಹೋಳಿಯ ಹಿಂದುಮುಂದು ನಿಂಗವ್ವನಿಗೆ ಗೊಬ್ಬರ ಎದ್ದಿತ್ತು. ಕೆಲವರು ದಡಾರ ಅನ್ನುತ್ತಾರೆ. ಮೈತುಂಬ ಕೆಂಪು ಗುಳ್ಳೆ, ಜ್ವರ. ಅದು ಇಳಿಯಿತು. ನಾನು ಪಥ್ಯ ಹಿಡಿದೆ. ಅನ್ನದ ಗಂಜಿ, ಉಪ್ಪು, ಒಂದು ಚೂರು ಬೆಲ್ಲ. ಅಷ್ಟೇ. ಒಂದು ಸಲ ಮಗನನ್ನು ಕಳೆದುಕೊಂಡವನು ನಾನು, ಕೂಸಿನ ಬಾಯಿಗೆ ಏನು ಹಾಕಲೂ ಹೆದರುತ್ತಿದ್ದೆ. ಎದೆಹಾಲನ್ನೂ ಆ ವೇಳೆಗೆ ಬಿಡಿಸಿಯಾಗಿತ್ತು.

ತೋಟದಲ್ಲಿ ಎಲೆಯ ಬಳ್ಳಿಯನ್ನು ನುಗ್ಗೆ ಮರಕ್ಕೆ ಹಬ್ಬಿಸಿರುತ್ತಾರೆ. ನೆರಳು ಹೆಚ್ಚಾದರೆ ಟೊಂಗೆ ಸವರುತ್ತಾರೆ. ಆ ಸೊಪ್ಪನ್ನು ಕಲ್ಲವ್ವ ಉಡಿಯಲ್ಲಿ ಕಟ್ಟಿಕೊಂಡು ತರುವಳು. ಪಲ್ಯ ಮಾಡುವಳು. ಒಂದು ದಿನ ಒಳಗಿನಿಂದ ಮಾತು ಬಂತು:

"ನಿಂಗವ್ವಾ, ಅಜ್ಜಾರಿಗೆ ಹೇಳು, ನನಗೂ ಚೂರು ತಪ್ಪಲ ಉಣಸ್ರಿ ಅಂತ."

"ನಿಮ್ಮವ್ವಗ ಹೇಳು, ಗೊಬ್ಬರ ಎದ್ದ ಕೂಸಿಗೆ ತಪ್ಪಲ ಕೊಟ್ರ ಹೊಟ್ಟಿ ಕೆಡ್ತೈತಿ ಅಂತ."

ಅವಳು ಮತ್ತೆ ಕೇಳಲಿಲ್ಲ. ಪಲ್ಯವನ್ನು ನಾನು ಉಂಡೆ.

ಈಗ ಕಾರಹುಣ್ಣಿಮೆಯ ಆಚೆಗೆ ಬರುತ್ತೇನೆ. ಸಂಜೆಯಾಯಿತೆಂದರೆ ನಿಂಗವ್ವ ಆಟ ಬಿಟ್ಟು ನನ್ನ ತೊಡೆ ಹತ್ತಿ ಕೂಡುವಳು. ಇಳಿಯುತ್ತಿರಲಿಲ್ಲ. ಅವ್ವ ಬಂದರೂ ಅಷ್ಟೇ. ಪಕ್ಕದ ಮನೆಯ ಹುಸೇನಬಿ, ಖಾರದ ತಿಂಡಿ ಕರಿದು ಮಾರುವವಳು, ನೋಡಿ ನೋಡಿ ಒಂದು ದಿನ ಅಂದೇಬಿಟ್ಟಳು:

"ಏನ್ ಕಾಕಾ, ಕೂಸಿನ್ನ ಪೂರಾ ನಿಮ್ಮ ಹೆಸರಿಗೆ ಮಾಡಿಕೊಂಡ್ರಿ? ಹಡದಾಕಿಗೆ ಒಂದು ಪಾಲರ ಬಿಡ್ರಿ."

ನಾನು ನಕ್ಕೆ. ಸುಳ್ಳು ಬರೆಯಬಾರದು. ನನಗೆ ಒಳಗೊಳಗೆ ಹಿಗ್ಗಾಗಿತ್ತು. ನನ್ನಂಥ ಕುಂಟ ಮುದುಕನನ್ನು ಹೆತ್ತ ತಾಯಿಗಿಂತ ಹೆಚ್ಚು ಬಯಸುವ ಜೀವವೊಂದು ಇದೆಯಲ್ಲ ಅನ್ನಿಸಿತ್ತು. ಆ ಹಿಗ್ಗು ನೆನೆದರೆ ಈಗ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಪಂಚಮಿಗೆ ಎರಡು ದಿನ ಇತ್ತು. ಹಿತ್ತಲ ಗೋಡೆಯ ಹತ್ತಿರ ಕಲ್ಲವ್ವ ಹುಸೇನಬಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು.

"ಹುಸೇನಕ್ಕ, ಕತ್ತಲದಾಗ ಹೋಗ್ತೇನಿ, ಕತ್ತಲದಾಗ ಬರ್ತೇನಿ. ಕೂಸು ನನ್ನ ಮಾರಿ ಮರತೈತಿ. ಅಣ್ಣ ಪಂಚಮಿಗೆ ಕರಿಯಾಕ ಬಂದ್ರ ಕೂಸು ಕರಕೊಂಡು ತವರಿಗೆ, ಚಿಕ್ಕೇರೂರಿಗೆ ಹೋಗಿಬಿಡ್ತೇನಿ. ತಿರುಗಿ ಬರೂದಿಲ್ಲ."

"ಮಾವ?"

"ಅವರಿಗೆ ಹೆಂಗ ಹೇಳ್ಲಿ, ನೀನ ಹೇಳು."

ನಾನು ಒಳಗೆ ಬಂದು ಕೂತೆ. ಕೂಸು ಹೋದರೆ ಈ ಮನೆಯಲ್ಲಿ ನನಗೆ ಮಾತೇ ಇರುವುದಿಲ್ಲ.

ಪಂಚಮಿಯ ಬೆಳಿಗ್ಗೆ ಕಲ್ಲವ್ವ ಶೇಂಗಾದ ಉಂಡಿ ಕಟ್ಟಿದಳು. ನಿಂಗವ್ವ ಹೊಸ್ತಿಲಾಚೆಯಿಂದಲೇ ಉಂಡಿ ಕಂಡು ಓಡಿ ಬಂದಳು. ಪಥ್ಯ ಮರೆತು ಒಂದು ಚೂರು ಕೊಟ್ಟೆ. ಸಂಜೆ ಜಿಟಿಜಿಟಿ ಮಳೆ. ಪಡಸಾಲೆಯಲ್ಲಿ ಮಬ್ಬು. ಇನ್ನೆಷ್ಟು ದಿನ ನನ್ನ ಹತ್ತಿರ ಇರುತ್ತಾಳೋ ಅಂತ ಇನ್ನೊಂದು ಉಂಡಿಯನ್ನು ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದೆ.

ಅವಳು ಸುಮ್ಮನೆ ಕೂತಿದ್ದಳು.

"ತಗೋ, ಉಂಡಿ" ಅಂದೆ.

ಮುಖ ಅರಳಿತು. ಕೈ ಮುಂದೆ ಬಂತು. ನನ್ನ ಮೊಣಕಾಲು ಮುಟ್ಟಿತು. ತೋಳು ಮುಟ್ಟಿತು. ಗಾಳಿಯನ್ನು ಹಿಡಿಯಿತು. ಉಂಡಿ ಅವಳ ಮೂಗಿನಿಂದ ಒಂದು ಗೇಣು ದೂರವಿತ್ತು.

ಕಡ್ಡಿ ಗೀರಿದೆ. ಕಣ್ಣು ಬೆಂಕಿಯತ್ತ ಬಂತು, ಅಲ್ಲಿಂದ ಅಂಗೈಗೆ ಬಂತು. "ಉಂಡಿ" ಅಂದಳು. ಕಡ್ಡಿ ಆರಿತು. ಕೈ ಮತ್ತೆ ತಡವರಿಸತೊಡಗಿತು.

ನನ್ನ ಮೊಮ್ಮಗಳು ಅವ್ವನ ಮೇಲೆ ಮುನಿದಿರಲಿಲ್ಲ. ಅವಳಿಗೆ ಅವ್ವ ಕಾಣುತ್ತಿರಲಿಲ್ಲ.

"ಕಲ್ಲವ್ವಾ" ಅಂತ ಕೂಗಿದೆ. ಅವಳ ಹೆಸರು ಹಿಡಿದು ನಾನು ಕೂಗಿದ್ದು ಅದೇ ಮೊದಲು. ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಕೂಸಿಗೆ ನಿನ್ನ ಮ್ಯಾಲ ಸಿಟ್ಟಿಲ್ಲವಾ. ಅದಕ್ಕ ಸಂಜೀಕ ಕಣ್ಣ ಕಾಣವಲ್ದು."

ಅವಳ ಮುಖದ ಮೇಲೆ ಮೊದಲು ಬಂದದ್ದು ಸಮಾಧಾನ. ಹಿಂದೆಯೇ ಭಯ ಬಂತು. ಆ ಸಮಾಧಾನಕ್ಕೆ ತಾನೇ ನಾಚಿದವಳಂತೆ ಸೆರಗು ಬಾಯಿಗೆ ಒತ್ತಿಕೊಂಡು ನೆಲಕ್ಕೆ ಕೂತಳು. ಸದ್ದು ಕೇಳಿ ಹುಸೇನಬಿ ಬಂದು ನೋಡಿ, "ಇದು ಇರುಳಗಣ್ಣು. ಮಂತ್ರಗಿಂತ್ರ ಅಂತ ಕುಂದ್ರಬ್ಯಾಡ್ರಿ. ನಾಳೆ ಮುಂಜಾನೆ ಶಿಗ್ಗಾವಿ ದವಾಖಾನಿಗೆ ನಡೀರಿ" ಅಂದಳು. ಚಕ್ಕಡಿಯನ್ನೂ ಅವಳೇ ಗೊತ್ತು ಮಾಡಿದಳು.

ಡಾಕ್ಟರ್ ಸಾಹೇಬರು ವಯಸ್ಸಿನಲ್ಲಿ ಚಿಕ್ಕವರು. ಬ್ಯಾಟರಿ ಹಿಡಿದು ನಿಂಗವ್ವನ ಕಣ್ಣು ಅಗಲಿಸಿ ನನಗೂ ತೋರಿಸಿದರು. ಬಿಳಿಯ ಗುಡ್ಡೆಯ ಮೇಲೆ ಸಾಬೂನಿನ ನೊರೆಯಂಥ ಸಣ್ಣ ಚುಕ್ಕೆ. ಅದನ್ನು ನಾನು ನೋಡಿದ್ದೆ. ಪಿಸುರು ಅಂದುಕೊಂಡು ಧೋತರದ ಚುಂಗಿನಿಂದ ದಿನಾ ಒರೆಸುತ್ತಿದ್ದೆ.

"ಇದು ವಿಟಮಿನ್ ಕಡಿಮಿ ಆಗಿ ಬಂದದ್ದು" ಅಂದರು. "ಕೂಸಿಗೆ ಸೊಪ್ಪು ತಿನಸ್ತೀರೇನು?"

ಬಾಗಿಲ ಮರೆಯಲ್ಲಿ ನಿಂತಿದ್ದ ಕಲ್ಲವ್ವ ಮಾತಾಡಿದಳು, ನನ್ನೆದುರಿಗೇ.

"ನುಗ್ಗಿ ತಪ್ಪಲ ದಿನಾ ತರ್ತೇನ್ರಿ ಸಾಹೇಬ್ರ. ಕೂಸ ಉಗಳ್ತಿತ್ರಿ."

ಕೂಸು ಎಂದೂ ಉಗುಳಿರಲಿಲ್ಲ. ಅದರ ಬಾಯಿಗೆ ಸೊಪ್ಪು ಹೋಗಿಯೇ ಇರಲಿಲ್ಲ. ಪರರ ಮುಂದೆ ಮಾವನ ಮಾನ ಹೋಗಬಾರದೆಂದು ಅವಳು ಆ ತಪ್ಪನ್ನು ಎರಡು ವರ್ಷದ ಮಗಳ ಮೇಲೆ ಹಾಕಿದ್ದಳು.

"ಇಲ್ಲರಿ" ಅಂದೆ. "ಆಕಿ ಕೊಡ್ರಿ ಅಂದಿದ್ಲು. ನಾನ ಕೊಡಲಿಲ್ಲ. ಗೊಬ್ಬರ ಎದ್ದ ಮ್ಯಾಲ ಪಥ್ಯ ಹಿಡದಿದ್ದೆ."

ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಗೊಬ್ಬರ ಎದ್ದಾಗನ ಇದು ಹೆಚ್ಚು ಬೇಕು ಅಜ್ಜಾರ" ಅಂದರು. "ಇನ್ನೊಂದೀಟು ತಡ ಮಾಡಿದ್ರ ಹಗಲೂ ಹೋಗ್ತಿತ್ತು. ಬಂದ್ರಿ, ಚಲೋ ಆತು."

ಕಂಪೌಂಡರ್ ಒಂದು ಶೀಶೆ ಕೊಟ್ಟ. ಮೀನಿನ ಎಣ್ಣೆ. ನಮ್ಮ ಮನೆಯಲ್ಲಿ ಮೀನು ಮುಟ್ಟಿದವರಿಲ್ಲ. ಕಲ್ಲವ್ವ ನನ್ನ ಮುಖ ನೋಡಿದಳು. ನಾನು ಶೀಶೆಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡೆ.

ಚಕ್ಕಡಿಯಲ್ಲಿ ಊರಿಗೆ ಹೊರಟೆವು. ಬಂಕಾಪುರದ ಕಡೆಯ ಹೊಲಗಳಲ್ಲಿ ನವಿಲು ಕೂಗುತ್ತಿದ್ದವು. ನಿಂಗವ್ವ ಅವ್ವನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಮಾತು ದಾಟಿಸಲು ಈಗ ಯಾರೂ ಇರಲಿಲ್ಲ.

"ನನ್ನ ತಪ್ಪವಾ ಅದು" ಅಂದೆ, ಎತ್ತಿನ ಬೆನ್ನು ನೋಡುತ್ತ.

"ಮಾವಾರ, ನೀವು ಕಡ್ಡಿ ಗೀರಲಿಲ್ಲಂದ್ರ ನಾ ಕೂಸಿನ್ನ ಕರಕೊಂಡು ಹೋಗಿಬಿಡ್ತಿದ್ದೆ" ಅಂದಳು. "ಅಲ್ಲಿ ಯಾರು ನೋಡ್ತಿದ್ರು."

ಅವಳ ಅಣ್ಣ ಹಬ್ಬ ಮುಗಿದ ಮೇಲೆ ತಡವಾಗಿ ಬಂದ. ಉಂಡಿ ಕಟ್ಟಿಸಿಕೊಂಡು ಒಬ್ಬನೇ ಹೋದ.

ಆಮೇಲಿನ ದಿನಗಳು ನನಗೆ ಹೊಸ ನೌಕರಿ ಸಿಕ್ಕ ಹಾಗಿದ್ದವು. ಮುಂಜಾನೆ ಎಣ್ಣೆ. ನಿಂಗವ್ವ ಮೂಗು ಮುಚ್ಚಿಕೊಂಡು "ಒಲ್ಲೆ" ಅನ್ನುವಳು. ನಾನು ಮೊದಲು ಒಂದು ಹನಿ ನೆಕ್ಕಿ ತೋರಿಸಬೇಕು. ಕೆಟ್ಟ ವಾಸನೆ ಅದು. ಮಧ್ಯಾಹ್ನ ನುಗ್ಗೆ ಸೊಪ್ಪನ್ನು ಬೇಯಿಸಿ, ನುರಿದು, ಬೆಣ್ಣೆ ಹಾಕಿ ಅನ್ನದಲ್ಲಿ ಕಲಸುವೆ. ಹೊಟ್ಟೆ ಕೆಡಲಿಲ್ಲ. ಕಲ್ಲವ್ವ ಎಳೆಯ ಸೊಪ್ಪನ್ನೇ ಹುಡುಕಿ ತರುವಳು. ಬೆಳಗಿನಿಂದ ಸಂಜೆಯ ತನಕ ಅವಳು ನಿಂತು ದುಡಿಯುತ್ತಿದ್ದದ್ದು ಅದೇ ಮರದ ಕೆಳಗೆ. ಅದನ್ನು ಉಡಿಯಲ್ಲಿ ಕಟ್ಟಿ ಮನೆತನಕ ತರುತ್ತಿದ್ದಳು. ಬಾಯಿತನಕ ಬಿಡದವನು ನಾನು.

ಸಂಜೆ ಕಟ್ಟೆಯ ಮೇಲೆ ಕೂತು ಪರೀಕ್ಷೆ. ಅಂಗೈಯಲ್ಲಿ ಬೆಲ್ಲ. ಮೊದಲ ದಿನ ಇಲ್ಲ. ಮೂರನೆಯ ದಿನವೂ ಇಲ್ಲ. ಐದನೆಯ ದಿನ ನನ್ನ ಬಿಳಿ ಮೀಸೆ ಹಿಡಿದು ಎಳೆದಳು. ಕಂಡು ಎಳೆದಳೋ ತಡವಿ ಎಳೆದಳೋ ತಿಳಿಯಲಿಲ್ಲ. ಆ ನೋವಿನಷ್ಟು ಸುಖ ನನಗೆ ಯಾವುದೂ ಕೊಟ್ಟಿಲ್ಲ.

ಒಂಬತ್ತನೆಯ ಸಂಜೆ. ಮಳೆ ಬಿಟ್ಟಿತ್ತು. ಓಣಿಯ ತುದಿ ಮಸುಕಾಗಿತ್ತು. ನನ್ನ ಕಣ್ಣಿಗೆ ಯಾರೋ ಬರುತ್ತಿದ್ದಾರೆ ಅನ್ನುವಷ್ಟೇ ಕಂಡಿತು. ಆ ಯಾರೋ ಮಾತಾಡಲಿಲ್ಲ. ಉಡಿಯಲ್ಲಿ ಸೊಪ್ಪು, ತಲೆಯ ಮೇಲೆ ಸೆರಗು. ನಿಂಗವ್ವ ನನ್ನ ತೊಡೆಯಿಂದ ಜಾರಿದಳು. ಕಟ್ಟೆಯಿಂದ ಹೊಟ್ಟೆಯ ಮೇಲೆ ಇಳಿದಳು.

"ಅವ್ವ" ಅಂದಳು.

ಓಡಿದಳು. ಕೆಸರು ತಪ್ಪಿಸಿ, ಒರಳುಕಲ್ಲು ಬಳಸಿ, ಓಡಿದಳು. ಕಲ್ಲವ್ವ ಅಲ್ಲೇ ದಾರಿಯ ನಡುವೆ ಮೊಣಕಾಲೂರಿ ಕೂತಳು. ಉಡಿ ಬಿಚ್ಚಿ ಸೊಪ್ಪೆಲ್ಲ ಚೆಲ್ಲಿತು. ನನ್ನ ತೊಡೆ ಬರಿದಾಗಿತ್ತು. ಅಂಥ ಬರಿದು ತೊಡೆ ದೇವರು ಎಲ್ಲ ಅಜ್ಜಂದಿರಿಗೂ ಕೊಡಲಿ.

ಕಣ್ಣಿನ ಚುಕ್ಕೆ ಇನ್ನೂ ಪೂರ್ತಿ ಹೋಗಿಲ್ಲ. ಇನ್ನೊಮ್ಮೆ ತೋರಿಸಲು ಬನ್ನಿ ಅಂದಿದ್ದಾರೆ. ಎಣ್ಣೆ ನಡೆದಿದೆ. ಕಲ್ಲವ್ವ ಕೆಲಸ ಬಿಟ್ಟಿಲ್ಲ; ಈಗಲೂ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಾಳೆ. ನಾನು ಈಗಲೂ ದಿನಾ ಸಂಜೆ ಅಂಗೈಯಲ್ಲಿ ಬೆಲ್ಲ ಹಿಡಿದು ನೋಡುತ್ತೇನೆ. ಎದೆ ಒಮ್ಮೆ ಅಳುಕುತ್ತದೆ, ಆಮೇಲೆ ಬೆಲ್ಲ ಮಾಯವಾಗುತ್ತದೆ.

ನಿನ್ನೆ ಅವ್ವ ಮಗಳು ಪಡಸಾಲೆಯಲ್ಲಿ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಆಡುತ್ತಿದ್ದರು. ಕಂಬದ ಗುರುತೂ ನನಗೆ ಸರಿಯಾಗಿ ಸಿಗುತ್ತಿರಲಿಲ್ಲ, ಅಷ್ಟು ಮಬ್ಬು. ಕಲ್ಲವ್ವ ಏದುಸಿರು ಬಿಡುತ್ತ ನನ್ನ ಕಡೆ ತಿರುಗಿ ನೇರವಾಗಿ ಕೇಳಿದಳು.

"ಮಾವಾರ, ದೀಪ ಹಚ್ಚಲೇನ್ರಿ?"

"ತಡಿಯವಾ" ಅಂದೆ. "ಇನ್ನೊಂದೀಟು ಕತ್ತಲಾಗಲಿ."