ಉಪವಾಸ ಇಡಬಾರದ ಚಾಕು

ನಮ್ಮ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಒಂದು ಬೇಟೆ ಚಾಕು ಇದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಕೇಕಿನಲ್ಲಿ ಮೊಟ್ಟೆ ಇದೆಯೇನೋ ಎಂದು ಮೂಸಿ ನೋಡುವ ಈ ಮನೆತನಕ್ಕೆ ಬೇಟೆ ಚಾಕು ಯಾಕೆ ಬೇಕಿತ್ತು ಎಂದು ಮಾತ್ರ ಕೇಳಬೇಡಿ. ಕೇಳಿದರೆ ಅಪ್ಪ ಅದನ್ನು ಹೊರಗೆ ತೆಗೆಯುತ್ತಾನೆ. ತೆಗೆದರೆ ನೀವು ಬದನೆಕಾಯಿ ಪಲ್ಯ ಉಣ್ಣಬೇಕಾಗುತ್ತದೆ.

ಚಾಕು ಮಾಡಿಸಿದವನು ನನ್ನ ಮುತ್ತಜ್ಜ. ಕಮಲಾಪುರದ ನಮ್ಮ ಹೊಲಕ್ಕೆ ಕಾಡುಹಂದಿ ನುಗ್ಗಿದಾಗ ಊರವರ ಜೊತೆ ತಾನೂ ಬೇಟೆಗೆ ಹೋಗುತ್ತೇನೆಂದು ಹಠ ಹಿಡಿದನಂತೆ. ಮುರಿದ ಬಂಡಿಯ ಗಾಲಿಪಟ್ಟಿ ಒಯ್ದು ಕಮ್ಮಾರನಿಂದ ಗೇಣುದ್ದದ ಚಾಕು ಬಡಿಸಿದ, ಜಾಲಿ ಕಟ್ಟಿಗೆಯ ಹಿಡಿಕೆ ಹಾಕಿಸಿದ, ಚರ್ಮದ ಒರೆ ಹೊಲಿಸಿದ. ಹಂದಿ ಎದುರಿಗೆ ಬಂದೇ ಬಂತು. ಮುತ್ತಜ್ಜ ಚಾಕು ಹಿರಿದು ಬೇವಿನ ಗಿಡ ಏರಿದ. ಹಂದಿ ಕೆಳಗೆ ಸ್ವಲ್ಪ ಹೊತ್ತು ನಿಂತು, ಬೇಸರ ಬಂದು ತನ್ನ ಪಾಡಿಗೆ ತಾನು ಹೋಯಿತು. ಅವನು ಮನೆಗೆ ಬರುವಷ್ಟರಲ್ಲಿ ಕಮ್ಮಾರನ ಮಾತು ಬಂದು ಕಾಯುತ್ತಿತ್ತಂತೆ: ಒರೆಯಿಂದ ತೆಗೆದ ಚಾಕು ಏನನ್ನೂ ಕೊಯ್ಯದೆ ಒಳಗೆ ಹೋಗಬಾರದು, ಉಪವಾಸ ಹೋದರೆ ಮನೆಗೆ ಒಳ್ಳೆಯದಲ್ಲ. ಮುತ್ತಜ್ಜಿ ಒಂದು ಬದನೆಕಾಯಿ ಮುಂದೆ ಹಿಡಿದಳು. ಅದೇ ನಮ್ಮ ವಂಶದ ಮೊದಲ ಬೇಟೆ.

ಅಂದಿನಿಂದ ಅದು ಕಟ್ಟಳೆಯಾಯಿತು. ಅಜ್ಜ ಅದರಿಂದ ಕೆಂಪು ಬಾಳೆಯ ಗೊನೆ ಕಡಿದ. ಅಪ್ಪ ನನ್ನ ಹುಟ್ಟುಹಬ್ಬದ ಕೇಕನ್ನೂ ಅದರಿಂದಲೇ ಕೊಯ್ದ, ಮೊಟ್ಟೆಯಿಲ್ಲದ್ದು. ಯಾರಾದರೂ ನೆಂಟರು "ಚಾಕು ಒಮ್ಮೆ ತೋರಸ್ರಿ" ಅಂದರೆ ಸಾಕು, ಅವ್ವ ಅಡುಗೆಮನೆಯಿಂದಲೇ, "ಮೊದಲ ಬುಟ್ಟಿ ತಗೊಂಡು ಹೋಗ್ರಿ" ಎನ್ನುತ್ತಿದ್ದಳು. ಅಪ್ಪ ಗಂಭೀರವಾಗಿ ಕೂತು ಬುಟ್ಟಿಯ ಬದನೆಕಾಯಿಯನ್ನೆಲ್ಲ ಹೆಚ್ಚುತ್ತಿದ್ದ. ನೆಂಟರು ಹೆಚ್ಚಾದ ಬೇಸಿಗೆಯಲ್ಲಿ ನಾವು ಮಕ್ಕಳು ಬದನೆಕಾಯಿ ನೋಡಿದರೆ ಓಡಿಹೋಗುತ್ತಿದ್ದೆವು.

ಇಷ್ಟಾದರೂ ಆ ಚಾಕು ನನಗೆ ಬೇಕಿತ್ತು. ತಮ್ಮನಿಗೂ ಬೇಕಿತ್ತು. ಅವನು ಹೊಸ ಮನೆಯ ಹಾಲಿನಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ, ಒಳಗೆ ಲೈಟು ಹಾಕಿ ಇಡುವವನಿದ್ದ. ಗಾಜಿನೊಳಗೆ ಅದು ಏನನ್ನು ಕೊಯ್ಯಬೇಕು? ನೆನೆದರೆ ಮೈ ಉರಿಯುತ್ತಿತ್ತು. ಆದರೆ ನಾನು ಮದುವೆಯಾಗಿ ಕಲಬುರಗಿ ಸೇರಿದವಳು, ಅಪ್ಪ ಗಂಡುಮಗನನ್ನು ಬಿಟ್ಟು ನನಗೆ ಕೊಡುತ್ತಾನೆಯೇ ಎಂಬ ಅಂಜಿಕೆ ಇತ್ತು. ಹೋದ ವರ್ಷ ಮಹಾನವಮಿಯ ಮುಂಚೆ ಅಪ್ಪ ಚಾಕುವನ್ನು ನನ್ನ ಕೈಗಿಟ್ಟು, "ಮೊಂಡ ಆಗ್ಯದ. ಸಾಣಿ ಹಿಡಿಸ್ಕೊಂಡು ಪೂಜಿಗೆ ತಗೊಂಡು ಬಾ. ಹೆಂಗ ತರ್ತಿ ನೋಡ್ತೀನಿ" ಅಂದ. ಇದು ಪರೀಕ್ಷೆ ಎಂದು ನನಗೆ ತಿಳಿಯಿತು. ಶಾಲೆಯಲ್ಲಿ ಪಾಠ ಹೇಳುವ ನನ್ನಂಥ ಮೇಷ್ಟ್ರಗಿತ್ತಿಗೆ ಪರೀಕ್ಷೆಯ ವಾಸನೆ ಬೇಗ ಹತ್ತುತ್ತದೆ.

ಕಲಬುರಗಿಯ ರೋಜಾ ಬಡಾವಣೆಯಲ್ಲಿ ಸಾಣೆ ಹಿಡಿಯುವ ಒಬ್ಬ ಹಿರಿಯರಿದ್ದಾರೆ. ನಾನು ಚೀಲದಲ್ಲಿ ಎರಡು ಬದನೆಕಾಯಿ ಇಟ್ಟುಕೊಂಡೇ ಹೋದೆ, ಒಂದು ಅಲ್ಲಿಗೆ, ಇನ್ನೊಂದು ದಾರಿಗೆ. ಅವರು ಸಾಣೆ ಹಿಡಿದು ಮೊದಲನೆಯದನ್ನು ಕೊಯ್ದರು. "ಕ್ಯಾ ಚಾಕೂ ಹೈ ಬೇಟಿ, ಹಿಂಗಂಥದ್ದು ಈಗ ಯಾರ್ ಮಾಡ್ತಾರ?" ಎಂದು ಮೆಚ್ಚಿ, ನಾನು ಬೇಡ ಅನ್ನುವಷ್ಟರಲ್ಲಿ ಎರಡನೆಯದನ್ನೂ ಕೊಯ್ದರು. ಹೊಗಳಿಕೆಗೆ ಉಬ್ಬಿ ಸುಮ್ಮನಾದೆ. ತಪ್ಪಾಯಿತು.

ಬಸ್‌ಸ್ಟ್ಯಾಂಡಿನ ಬಾಗಿಲಲ್ಲಿ ಹಬ್ಬದ ಗದ್ದಲಕ್ಕೆಂದು ಪೊಲೀಸರು ಚೀಲ ನೋಡುತ್ತಿದ್ದರು. ಹೆಣ್ಣು ಪೊಲೀಸೊಬ್ಬಳು ನನ್ನ ಚೀಲಕ್ಕೆ ಕೈ ಹಾಕಿ, ಚಾಕು ತೆಗೆದು, ಸರಕ್ಕನೆ ಒರೆಯಿಂದ ಎಳೆದಳು.

"ಏನ್ರೀ ಇದು?"

"ಬ್ಯಾಟಿ ಚಾಕು ರೀ."

"ಏನ್ ಬ್ಯಾಟಿ ಆಡ್ತೀರಿ?"

"ಬದನಿಕಾಯಿ ರೀ."

ಅವಳು ಹವಾಲ್ದಾರರನ್ನು ಕರೆದಳು. ದೊಡ್ಡ ಹೊಟ್ಟೆಯ ಅವರು ಆಗಷ್ಟೇ ಬುತ್ತಿ ಬಿಚ್ಚಿಕೊಂಡು ಕೂತಿದ್ದವರು, ಕೈಯಲ್ಲಿ ರೊಟ್ಟಿ ಹಿಡಿದೇ ಬಂದರು. ಚಾಕು ನೋಡಿ, "ಮೊದಲ ಒಳಗ ಹಾಕ್ರಿ ಅದನ್ನ" ಅಂದರು.

"ಹಾಕಾಕ ಬರಂಗಿಲ್ರೀ ಸಾಹೇಬ್ರ. ಅದು ಉಪವಾಸ ಅದ."

ಈ ಮಾತಿಗೆ ಸುತ್ತ ಮಂದಿ ಸೇರಿದರು. ಸುಮ್ಮನೆ ಒರೆಗೆ ತುರುಕಿದ್ದರೆ ಮುಗಿಯುತ್ತಿತ್ತು, ಅಪ್ಪನಿಗೆ ಗೊತ್ತೂ ಆಗುತ್ತಿರಲಿಲ್ಲ. ಆದರೆ ಕೈ ಬರಲಿಲ್ಲ. ಮುತ್ತಜ್ಜನ ಕಥೆಯನ್ನು ಹಂದಿಯಿಂದ ಬೇವಿನ ಗಿಡದವರೆಗೆ ಹೇಳಿದೆ. ಹವಾಲ್ದಾರರು ನಂಬಲಿಲ್ಲ. ನನ್ನ ಫೋನಿನಿಂದಲೇ ಅಪ್ಪನಿಗೆ ಹಚ್ಚಿ, ಸ್ಪೀಕರ್ ಹಾಕಿ, "ನಿಮ್ಮ ಮಗಳು ಚಾಕು ತಗೊಂಡು ಬಸ್‌ಸ್ಟ್ಯಾಂಡಿನಾಗ ನಿಂತಾಳ್ರೀ" ಎಂದರು.

"ಚಾಕು ಒಳಗ ಅದೋ ಹೊರಗ ಅದೋ?" ಅಪ್ಪ ಕೇಳಿದ.

"ಹೊರಗ ಅದರೀ."

"ಹಂಗಾರ ಮೊದಲ ಏನರ ಕೊಯ್ರಿ ಸಾಹೇಬ್ರ. ಆಮ್ಯಾಲ ಬೇಕಾದ್ರ ಆಕಿನ್ನ ಒಳಗ ಹಾಕ್ರಿ."

ಹವಾಲ್ದಾರರು ಫೋನನ್ನು ನೋಡಿದರು, ನನ್ನನ್ನು ನೋಡಿದರು, ಹೋಗಿ ತಮ್ಮ ಬುತ್ತಿಯಿಂದ ಉಳ್ಳಾಗಡ್ಡಿ ತಂದರು. ನಾನು ಬೆಂಚಿನ ಮೇಲಿಟ್ಟು ನಾಲ್ಕು ಹೋಳು ಮಾಡಿದೆ. ಹೆಣ್ಣು ಪೊಲೀಸಿಗೂ ಒಂದು ಹೋಳು ಸಿಕ್ಕಿತು. ರೊಟ್ಟಿ ಉಳ್ಳಾಗಡ್ಡಿ ತಿಂದು, ಚಾಕು ಒರೆಗೆ ಹಾಕಿ, ಅಡ್ರೆಸ್ ಬರೆದುಕೊಟ್ಟು, ನಾನು ಕಮಲಾಪುರದ ಬಸ್ ಹತ್ತಿದೆ. ಬಾಯಿ ನಾರುತ್ತಿತ್ತು, ಮನಸ್ಸು ಹಗುರಾಗಿತ್ತು.

ಪೂಜೆ ಮುಗಿದ ಮೇಲೆ ಅಪ್ಪ ಎಲ್ಲರೆದುರು ಚಾಕುವನ್ನು ನನಗೆ ಕೊಟ್ಟ. "ಪೊಲೀಸ್ರು ಹಿಡದ್ರೂ ಉಪವಾಸ ಇಡಲಿಲ್ಲ ನೀ. ಇದು ನಿಂದ" ಅಂದ. ತಮ್ಮ ಮುಖ ಊದಿಸಿಕೊಂಡ. ನನಗೆ ಅಳು ಬಂತು, ಅತ್ತುಬಿಟ್ಟೆ.

ಅವ್ವ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಚಾಕು ನಿನಗ ಬಂತಂದ್ರ ಇದೂ ನಿನಗ ಬರಬೇಕು. ಆ ಕಮ್ಮಾರ ಪಾಪ ಏನೂ ಹೇಳಿಲ್ಲ. ನಿಮ್ಮ ಮುತ್ತಜ್ಜ ಗಿಡ ಏರಿ ಕುಂತು ಬಂದಾವ, ಆದ್ರೂ ಕಟ್ಟಿ ಮ್ಯಾಲ ಕುಂತು ಹೋಗಬರೋರಿಗೆಲ್ಲ ಚಾಕು ತೋರಸ್ತಿದ್ದ. ಹೆಂಗೂ ತೆಗೀತಾನ, ಒಂದೀಟು ಕಾಯಿಪಲ್ಲೆನರ ಹೆಚ್ಚಲಿ ಅಂತ ಮುತ್ತಜ್ಜಿ ಕಟ್ಟಿದ ಮಾತದು. ಆಕಿ ನಮ್ಮತ್ತಿಗೆ ಹೇಳಿದಳು, ನಮ್ಮತ್ತಿ ನನಗ ಹೇಳಿದಳು."

ಈ ಬದನೆಕಾಯಿಗಾಗಿ ನಾನು ಜೈಲಿಗೆ ಹೋಗುವವಳಿದ್ದೆ. ಸಿಟ್ಟು ಬಂತು, ಸಿಟ್ಟಿಗಿಂತ ಮುಂಚೆ ನಗು ಬಂತು.

"ಅಪ್ಪಗ ಗೊತ್ತದೇನವ್ವ?"

"ಗೊತ್ತಾದ್ರ ನಾಳಿಂದ ಯಾರು ಹೆಚ್ಚತಾರ?"

ಮರುದಿನ ಕಲಬುರಗಿಗೆ ಬಂದೆ. ನನ್ನ ಗಂಡ ಒಳ್ಳೆಯ ಮನುಷ್ಯ, ಆದರೆ ಹದಿನಾರು ವರ್ಷದಲ್ಲಿ ಒಂದು ಮೆಣಸಿನಕಾಯಿ ಮುರಿದವನಲ್ಲ. ಸಂಜೆ ಚಾ ಕುಡಿಯುತ್ತಾ, "ಆ ಚಾಕು ಸ್ವಲ್ಪ ತೋರಸು ನೋಡೋಣ" ಅಂದ. ಕೊಟ್ಟೆ. ಅವನು ಒರೆಯಿಂದ ಎಳೆದು ಬೆಳಕಿಗೆ ಹಿಡಿದ. ನಾನು ಕಮ್ಮಾರನ ಮಾತನ್ನು ಅಪ್ಪ ಹೇಳುವಷ್ಟೇ ಗಂಭೀರವಾಗಿ ಹೇಳಿ, ಒಂದು ಬುಟ್ಟಿ ಬದನೆಕಾಯಿಯನ್ನು ಅವನ ಮುಂದೆ ಇಟ್ಟೆ.

"ಇಷ್ಟೂ ಕೊಯ್ಬೇಕೇನ?" ಅಂದ.

"ಹೌದ್ರೀ" ಅಂದೆ. "ನಾಕು ತಲಿಮಾರಿನ ಹಸಿವು ಅದು."