ಸೂತಕದ ಟೋಪಿ

ಬೆಟ್ಟದ ನಮ್ಮ ಕುಂಬಾರಕೇರಿಗೆ ಪಾದ್ರಿ ಬರುತ್ತಿದ್ದುದು ವರ್ಷಕ್ಕೊಮ್ಮೆ, ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದಲ್ಲಿ, ಮುಖ ಮುಚ್ಚುವ ಸೂತಕದ ಟೋಪಿ ಹಾಕಿಕೊಂಡು. ನಮ್ಮ ಕೊರಿಯಾದಲ್ಲಿ ಸೂತಕದವನ ಮುಖವನ್ನು ಯಾರೂ ಇಣುಕಿ ನೋಡುವುದಿಲ್ಲ. ಹೋದ ವರ್ಷ ಅದೇ ಟೋಪಿಯಲ್ಲಿ ಅರಸನ ಭಟ ಬಂದ. ಕ್ರಿಸ್ತನನ್ನು ನಂಬಿದ್ದಕ್ಕೆ ಅಗಾದಾ ಅಜ್ಜಿಯ ಗಂಡನ ತಲೆ ಹೋಯಿತು.

ಈ ಸಲವೂ ಟೋಪಿಯೊಂದು ಹಿಮದಲ್ಲಿ ನಡೆದು ಬಂದು ಬಾಗಿಲಾಚೆ ನಿಂತಿತು. ಜಾಡಿ ತಟ್ಟುತ್ತಿದ್ದ ಅಜ್ಜಿ ಎದ್ದು ಬಾಗಿಲ ಕಡೆ ನಡೆದಳು.

"ಅತ್ತೆ, ಮೊದ್ಲು ಮುಖ ತೋರ್ಸು ಅನ್ನಿ," ಎಂದು ಸೊಸೆ ಬುನ್ನಿ ತೋಳು ಜಗ್ಗಿದಳು.

"ಮುಖ ನೋಡಿ ತೆಗೆಯೋದಾದ್ರೆ ಇಷ್ಟು ದಿನ ಉಪವಾಸವಿದ್ದು ಕಾದಿದ್ದು ಯಾವ ಸುಖಕ್ಕೆ, ಪೆದ್ದಿ? ಕಳ್ಳನ ಹಾಗೆ ಬರ್ತೀನಿ ಅಂತ ಯೇಸುಸ್ವಾಮಿನೇ ಹೇಳಿದಾನೆ. ನೀನು ಮಗೂನ ಎತ್ಕೊಂಡು ಹಿತ್ತಲಿಂದ ಓಡು."

ಅಜ್ಜಿ ಮಣ್ಣುಗೈಯಲ್ಲೇ ಶಿಲುಬೆಯ ಗುರುತು ಹಾಕಿಕೊಂಡು ಅಗುಳಿ ತೆಗೆದಳು. ಟೋಪಿ ಇನ್ನೂ ತಗ್ಗಿಯೇ ಇತ್ತು.